ತಗಡಿನ ಬೇಬಿಂಗಳಿಗೆ ಬಂದ ನಾಲ್ಕು ತೀರ್ಪುಗಳು

ಜನ ಹೊರುವ ಉದ್ದನೆಯ ಜೀಪ್ನಿಗಳನ್ನು ಕಟ್ಟಿ ರಿಪೇರಿ ಮಾಡುವ ಡೋಲೋಯ್ ಮೇಸ್ತ್ರಿಯ ಶೆಡ್ಡಿಗೂ ನನ್ನ ಜೆರಾಕ್ಸ್ ಅಂಗಡಿಗೂ ನಡುವೆ ಇರುವುದು ಒಂದೇ ಒಂದು ತಗಡಿನ ಗೋಡೆ. ಆ ಕಡೆ ಸುತ್ತಿಗೆ ಬಿದ್ದರೆ ಈ ಕಡೆ ನನ್ನ ಪ್ರಿಂಟರಿನ ಕಾಗದ ಅಲುಗುತ್ತದೆ. ಇಪ್ಪತ್ತು ವರ್ಷ ಈ ಸದ್ದಿನ ಪಕ್ಕದಲ್ಲಿ ಕೂತು ಕೂತು, ಆಚೆ ಯಾರು ಬಡಿಯುತ್ತಿದ್ದಾರೆಂದು ನೋಡದೆಯೇ ಹೇಳಬಲ್ಲೆ. ಮೇಸ್ತ್ರಿಯದು ಗೂಟ ಹೊಡೆದಂತೆ ಒರಟು ಏಟು. ಅರ್ನೆಲನದು ಎರಡು ಏಟು, ಒಂದು ಸಿಗರೇಟು. ಬೇಬಿಂಗಳದು ಸಣ್ಣ ಸಣ್ಣ ಏಟು, ಒಂದರ ಬೆನ್ನಿಗೆ ಒಂದು. ಅಕ್ಕಿ ಆರಿಸುವವರ ಬೆರಳಿನ ಹಾಗೆ ಅದಕ್ಕೆ ಅವಸರವೂ ಇಲ್ಲ, ನಿಲುಗಡೆಯೂ ಇಲ್ಲ.

ಅವಳಪ್ಪ ಇದೇ ಶೆಡ್ಡಿನಲ್ಲಿ ಟಿಂಕರಿಂಗ್ ಮಾಡುತ್ತಿದ್ದವನು. ಹತ್ತೊಂಬತ್ತರ ಹುಡುಗಿಯಾಗಿದ್ದಾಗ ಅವನಿಗೆ ಊಟ ತಂದುಕೊಡಲು ಬರುತ್ತಿದ್ದಳು. ಒಮ್ಮೆ ಅಪ್ಪನ ಮಣಿಕಟ್ಟು ಉಳುಕಿದಾಗ, ತಗಡಿನ ಹಿಂದೆ ಕಬ್ಬಿಣದ ಗಟ್ಟಿ ಹಿಡಿದುಕೊಳ್ಳಲು ಜನ ಬೇಕಾಯಿತು. ಇವಳು ಹಿಡಿದಳು. ಮಾರನೆಯ ದಿನ ಸುತ್ತಿಗೆಯನ್ನೂ ಹಿಡಿದಳು. ಆಮೇಲೆ ಅವಳನ್ನು ಶೆಡ್ಡಿನಿಂದ ಹೊರಗೆ ಕಳಿಸಲು ಯಾರಿಗೂ ಆಗಲಿಲ್ಲ.

ಮೊದಮೊದಲು ಜಾರೋ ರೂಟಿನ ಡ್ರೈವರುಗಳು ರೇಗಿಸುತ್ತಿದ್ದರು.

"ಏನಮ್ಮ, ಮದುವೆ ಗಿದುವೆ ಬಿಟ್ಟು ಮಡ್‌ಗಾರ್ಡ್ ಬಡೀತಾ ಕೂತಿದೀಯ?"

"ಮಡ್‌ಗಾರ್ಡ್ ಬಡಿದ್ರೆ ನೆಟ್ಟಗಾಗುತ್ತೆ. ನಿಮ್ಮಂಥೋರು ಆಗ್ತೀರಾ?"

ಒಂದೆರಡು ವರ್ಷದಲ್ಲಿ ಅದೇ ಡ್ರೈವರುಗಳು ಬಂದರೆ, "ಬೇಬಿಂಗ್ ಇದಾಳಾ? ಇಲ್ದಿದ್ರೆ ನಾಳೆ ಬರ್ತೀನಿ" ಎನ್ನತೊಡಗಿದರು. ಎಷ್ಟೇ ನುಗ್ಗುನುಜ್ಜಾದ ಬಾನೆಟ್ಟಾದರೂ ಸರಿ, ಅವಳು ತಗ್ಗಿಗೆ ಪುಟ್ಟಿ ಮೆತ್ತಿ ಮುಚ್ಚದೆ ತಗಡನ್ನೇ ಮೊದಲಿನ ರೂಪಕ್ಕೆ ತರುತ್ತಿದ್ದಳು. ಕಣ್ಣು ಮುಚ್ಚಿ ಅಂಗೈ ಸವರಿ, "ಇಲ್ಲಿ ಒಂದು ಹೊಟ್ಟೆ ಇದೆ" ಎಂದು ಹೇಳಿ ಮತ್ತೆ ನಾಲ್ಕು ಏಟು. ಹೊಸ ಬಾಡಿ ಕಟ್ಟುವುದಕ್ಕೂ ಅವಳೇ, ಹಳೆಯದರ ತಗ್ಗು ಎತ್ತುವುದಕ್ಕೂ ಅವಳೇ.

ಅವಳ ಗಂಡ ರೋಮುಲೊ ಸರಕು ಹಡಗಿನಲ್ಲಿ ಅಡುಗೆಯವನು. ವರ್ಷದಲ್ಲಿ ಒಂಬತ್ತು ತಿಂಗಳು ನೀರಿನ ಮೇಲೆ. ಮಗಳು ಮಿರಾಸೋಲ್‌ಗೆ ಐದು ವರ್ಷ ಆಗುವವರೆಗೂ ಅಪ್ಪ ಎಂದರೆ ಫೋನಿನೊಳಗೆ ಇರುವ ಮನುಷ್ಯ ಅಂತಲೇ ತಿಳಿದಿತ್ತು. ಮೂವರೂ ಒಂದೇ ಮನೆಯಲ್ಲಿ ಇರುವಂಥ ಒಂದು ಬದುಕು ಬೇಕು ಅನ್ನುವುದು ಬೇಬಿಂಗಳ ಆಸೆ. ಇತ್ತ ನಮ್ಮೂರ ರಸ್ತೆಗೆ ಹೊಸ ಮಿನಿ ಬಸ್ಸುಗಳು ಬಂದು ಜೀಪ್ನಿಗಳು ಕಡಿಮೆಯಾಗುತ್ತಿದ್ದವು. ಶೆಡ್ಡಿನಲ್ಲಿ ಸುತ್ತಿಗೆ ಸದ್ದು ವಾರಕ್ಕೆ ನಾಲ್ಕು ದಿನಕ್ಕೆ ಇಳಿದಿತ್ತು. ನಕಾಶೆಯಲ್ಲಿ ನಮ್ಮ ಕೆಳಗೆ ಕಾಣುವುದರಿಂದ ನಾವೆಲ್ಲ 'ಕೆಳಗಿನ ದೇಶ' ಎನ್ನುವ ದೇಶಕ್ಕೆ ಟಿಂಕರಿಂಗ್ ಕೆಲಸದವರು ಬೇಕಾಗಿದ್ದಾರೆ, ಸಂಸಾರ ಸಮೇತ ಹೋಗಿ ನೆಲೆಸಬಹುದು ಎಂಬ ಸುದ್ದಿ ಬಂದದ್ದು ಆಗಲೇ.

ಅದಕ್ಕೆ ಮೊದಲ ಮೆಟ್ಟಿಲು ಅಂದರೆ, ಅಲ್ಲಿನ ಪರಿಶೀಲನಾ ಕಚೇರಿಯವರು ನಮ್ಮ ಕಾಗದ ನೋಡಿ, "ಹೌದು, ಇವರಿಗೆ ಈ ಕೆಲಸ ಬರುತ್ತದೆ" ಎಂದು ಒಪ್ಪಬೇಕು. ಅರ್ಜಿ ಟೈಪು ಮಾಡುವವನು ನಾನು, ಇಗ್ಮಿ. ನಮ್ಮ ಬೀದಿಯಲ್ಲಿ ಯಾರು ಎಲ್ಲಿಗೆ ಅರ್ಜಿ ಹಾಕಿದರೂ ಅದು ನನ್ನ ಪ್ರಿಂಟರಿನ ಬಾಯಿಂದಲೇ ಬರಬೇಕು.

ಒಂದು ಮಂಗಳವಾರ ಬೇಬಿಂಗಳೂ ಅರ್ನೆಲನೂ ಒಟ್ಟಿಗೇ ಬಂದರು. ಅರ್ನೆಲನಿಗೆ ಇಪ್ಪತ್ತೊಂಬತ್ತು, ಕೆಲಸ ಕಲಿತದ್ದು ಇವಳ ಕೈಕೆಳಗೇ. ಒಳ್ಳೆಯ ಹುಡುಗ, ಆದರೆ ಪುಟ್ಟಿ ಡಬ್ಬ ಕಂಡರೆ ಅವನಿಗೆ ಸುತ್ತಿಗೆ ಮರೆತುಹೋಗುತ್ತಿತ್ತು. ಮೇಸ್ತ್ರಿಯ ಹೆಸರಿನಲ್ಲಿ ಒಂದು ಅನುಭವ ಪತ್ರ ಟೈಪು ಮಾಡಿದೆ. ಅದನ್ನೇ ನಕಲು ತೆಗೆದು ಎರಡು ಕಡೆ ಬದಲಿಸಿದೆ: ಹೆಸರು, ಮತ್ತು ವರ್ಷ. ಅವಳದು ಹದಿನೆಂಟು, ಅವನದು ಆರು. ಉಳಿದದ್ದೆಲ್ಲ ಅಳಿಯ ಅಲ್ಲ ಮಗಳ ಗಂಡ.

ಐದು ವಾರಕ್ಕೆ ಅರ್ನೆಲನಿಗೆ ಒಪ್ಪಿಗೆ ಬಂತು. ಶೆಡ್ಡಿನವರಿಗೆಲ್ಲ ಪಕ್ಕದ ಅಂಗಡಿಯಿಂದ ಬಾಚೋಯ್, ಅಂದರೆ ಮಾಂಸದ ಶಾವಿಗೆ ಸಾರಿನ ಬಟ್ಟಲು ತರಿಸಿ ಕುಡಿಸಿದ. ಬೇಬಿಂಗ್ ಎರಡು ಬಟ್ಟಲು ಕುಡಿದು, "ನಿಂಗೇ ಕೊಟ್ಟೋರು ನಂಗೆ ಕೊಡಲ್ವಾ?" ಎಂದಳು. ಅದರಲ್ಲಿ ಹೆಮ್ಮೆ ಏನೂ ಇರಲಿಲ್ಲ, ಬರೀ ಲೆಕ್ಕಾಚಾರ.

ಎಂಟನೆಯ ವಾರ ಅವಳ ಕಾಗದ ಬಂತು. ನಾನೇ ಓದಿದೆ. "ಉದ್ಯೋಗದಾತರನ್ನು ದೂರವಾಣಿ ಮೂಲಕ ವಿಚಾರಿಸಲಾಗಿ, ಲುಡಿವಿನಾ ಪಾಲ್ಮಾರೆಸ್ ಎಂಬ ಹೆಸರಿನವರು ತಮ್ಮಲ್ಲಿ ಎಂದೂ ಕೆಲಸ ಮಾಡಿಲ್ಲವೆಂದು ಅವರು ತಿಳಿಸಿರುತ್ತಾರೆ. ಆದ್ದರಿಂದ ತಿರಸ್ಕರಿಸಲಾಗಿದೆ."

ಬೇಬಿಂಗ್ ಕಾಗದ ಹಿಡಿದು ನೇರ ಗೋಡೆಯಾಚೆಗೆ ನಡೆದಳು. ನಾನೂ ಹಿಂದೆಯೇ ಹೋದೆ.

"ಮೇಸ್ತ್ರಿ, ನಿಮಗೆ ಹೊರದೇಶದಿಂದ ಫೋನ್ ಬಂದಿತ್ತಾ?"

ಡೋಲೋಯ್ ಮೇಸ್ತ್ರಿ ತಲೆ ಕೆರೆದುಕೊಂಡರು. "ಬಂದಿತ್ತು ಕಣಮ್ಮ, ಒಂದಿನ ಬೆಳಿಗ್ಗೆ. ಯಾರೋ ಹೆಂಗಸು. ಲುಡಿವಿನಾ ಅಂತ ಯಾರನ್ನೋ ಕೇಳಿದ್ಲು. ಯಾವುದೋ ಇನ್ಶೂರೆನ್ಸ್‌ನೋಳಿರಬೇಕು ಅಂದ್ಕೊಂಡು, ಅಂಥೋರು ಇಲ್ಲಿ ಯಾರೂ ಇಲ್ಲ ಅಂತ ಇಟ್ಬಿಟ್ಟೆ."

"ಲುಡಿವಿನಾ ನಾನೇ ಮೇಸ್ತ್ರಿ!"

"ನೀನಾ?" ಮೇಸ್ತ್ರಿ ನಿಜವಾಗಿಯೂ ಬೆಚ್ಚಿಬಿದ್ದರು. "ನೀನು ಬೇಬಿಂಗ್ ಅಲ್ವೇನಮ್ಮ?"

"ಪತ್ರಕ್ಕೆ ಸೈನ್ ಹಾಕಿದೀರಲ್ಲ, ಅದರಲ್ಲಿ ದೊಡ್ಡದಾಗಿ ಬರ್ದಿದೆ."

"ಇಗ್ಮಿ ಟೈಪ್ ಮಾಡ್ದ, ನಾನು ಸೈನ್ ಹಾಕ್ದೆ. ಓದೋಕೆ ನಾನೇನು ಮೇಷ್ಟ್ರಾ?"

ಶೆಡ್ಡಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಬೇಬಿಂಗಳೂ. ಹದಿನೆಂಟು ವರ್ಷ ಒಂದೇ ಚಾವಣಿಯಡಿ ದುಡಿದರೂ ಅವಳ ದೀಕ್ಷಾಸ್ನಾನದ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಗು ಮುಗಿದ ಮೇಲೆ ಅರ್ನೆಲ್ ಮೆಲ್ಲಗೆ ಕೇಳಿದ: "ನನ್ನ ಬಗ್ಗೆ ಫೋನ್ ಬಂದಿತ್ತಾ ಮೇಸ್ತ್ರಿ?"

"ಇಲ್ವಲ್ಲೋ."

ಅದು ಯಾರಿಗೂ ನಗುವ ಸಂಗತಿಯಾಗಿ ಕಾಣಲಿಲ್ಲ.

ಎರಡನೆಯ ಅರ್ಜಿಯಲ್ಲಿ ನಾವು ಒಂದು ತೂತನ್ನೂ ಬಿಡಲಿಲ್ಲ. ಬೇಬಿಂಗ್ ಅಂದರೂ ಲುಡಿವಿನಾ ಅಂದರೂ ಒಬ್ಬಳೇ ಎಂದು ವಾರ್ಡಿನ ಮುಖ್ಯಸ್ಥನಿಂದ ಪ್ರಮಾಣಪತ್ರ ತಂದೆವು. ಪಾದ್ರಿಗಳ ಸಹಿಯೂ ಬಿತ್ತು. ಮೇಸ್ತ್ರಿ ತಮ್ಮ ಫೋನಿನ ಹಿಂಬದಿಗೆ ಟೇಪು ಅಂಟಿಸಿ ಅದರ ಮೇಲೆ 'ಲುಡಿವಿನಾ = ಬೇಬಿಂಗ್' ಎಂದು ಬರೆದುಕೊಂಡರು. ಮೂರು ತಿಂಗಳು ಯಾವ ಹೊಸ ನಂಬರಿನಿಂದ ಫೋನು ಬಂದರೂ, "ಹಾಂ, ಲುಡಿವಿನಾ ಇಲ್ಲೇ ಕೆಲಸ ಮಾಡ್ತಾಳೆ, ಬಹಳ ಒಳ್ಳೆ ಕೆಲಸಗಾರ್ತಿ!" ಎಂದು ಶುರುಮಾಡುತ್ತಿದ್ದರು. ಆಕ್ಸಿಜನ್ ಸಿಲಿಂಡರ್ ತರುವವನಿಗೂ ಹಾಗೇ ಹೇಳಿದರಂತೆ.

ಫೋನು ಬರಲೇ ಇಲ್ಲ. ತೀರ್ಪು ಬಂತು. "ಅರ್ಜಿದಾರರ ಅನುಭವವು ಮುಖ್ಯವಾಗಿ ಹೊಸ ವಾಹನಗಳ ಹೊರಮೈ ತಯಾರಿಕೆಗೆ ಸಂಬಂಧಿಸಿದ್ದು, ದುರಸ್ತಿಗೆ ಸಂಬಂಧಿಸಿದ್ದಲ್ಲ. ಕೆಲಸದ ವಿವರಣೆ ಸಾಲದು. ತಿರಸ್ಕರಿಸಲಾಗಿದೆ."

ವಿವರಣೆ ಅರ್ನೆಲನ ಪತ್ರದಲ್ಲಿದ್ದದ್ದೇ. ಒಂದು ಅಲ್ಪವಿರಾಮ ಕೂಡ ಬೇರೆ ಇರಲಿಲ್ಲ. ಅವನು ಆಗಲೇ ಹೆಂಡತಿ, ಕೈಗೂಸಿನೊಂದಿಗೆ ಕೆಳಗಿನ ದೇಶಕ್ಕೆ ಹೋಗಿ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕೂ ಸೇರಿಯಾಗಿತ್ತು.

ನಮ್ಮ ಬೀದಿಯಲ್ಲಿ ಇದಕ್ಕೆ ತಲೆಗೊಂದು ವ್ಯಾಖ್ಯಾನ ಹುಟ್ಟಿತು. ಬಾಚೋಯ್ ಅಂಗಡಿಯ ಸೀಡಕ್ಕನ ಪ್ರಕಾರ ಆ ಕಚೇರಿಯಲ್ಲಿ ಇಬ್ಬರು ಅಧಿಕಾರಿಗಳಿದ್ದಾರೆ. ಒಬ್ಬನಿಗೆ ಹೆಂಡತಿ ಒಳ್ಳೆ ಊಟ ಕಟ್ಟಿಕೊಡುತ್ತಾಳೆ, ಇನ್ನೊಬ್ಬನಿಗೆ ಹೊಟ್ಟೆಯುರಿ. "ನಿನ್ನ ಫೈಲು ಹೊಟ್ಟೆಯುರಿಯೋನ ಮೇಜಿಗೇ ಹೋಗ್ತಿದೆ ಕಣೆ. ಸಂಜೆ ಕಳಿಸಬೇಡ, ಊಟ ಆದ ಹೊತ್ತಿಗೆ ಸಿಗೋ ಹಾಗೆ ಕಳಿಸು." ನಾನು ಓದಿದವನು, ನಕ್ಕುಬಿಟ್ಟೆ. ಆದರೆ ಅದಕ್ಕಿಂತ ಒಳ್ಳೆಯ ಕಾರಣ ನನ್ನ ಹತ್ತಿರವೂ ಇರಲಿಲ್ಲ.

ನನಗೆ ಒಂದು ಉಪಾಯ ಹೊಳೆಯಿತು. ತೀರ್ಪು ಮರುಪರಿಶೀಲಿಸಿ ಎಂದು ಕೇಳುವ ಹಕ್ಕಿದೆ. ಅದರಲ್ಲಿ ಅರ್ನೆಲನ ಹೆಸರು, ಅವನ ಅರ್ಜಿಯ ನಂಬರು ಹಾಕಿ, "ಇದೇ ಪತ್ರಕ್ಕೆ ಒಪ್ಪಿಗೆ ಕೊಟ್ಟಿದ್ದೀರಿ, ಇದೇ ಪತ್ರಕ್ಕೆ ಇಲ್ಲ ಅಂದಿದ್ದೀರಿ, ಯಾಕೆ?" ಎಂದು ಕೇಳಿದರೆ ಅವರ ಬಾಯಿ ಕಟ್ಟಿಹೋಗುತ್ತದೆ. ಟೈಪೂ ಮಾಡಿಟ್ಟೆ. ಬೇಬಿಂಗ್ ಪರದೆಯ ಮುಂದೆ ಬಗ್ಗಿ ನಿಂತು ಓದಿದಳು.

"ಇಗ್ಮಿಯಣ್ಣ, ಇದನ್ನ ಓದಿ ಅವರು 'ಓಹೋ, ಹಾಗಾದ್ರೆ ಅವನಿಗೆ ಕೊಟ್ಟಿದ್ದೇ ತಪ್ಪು' ಅಂದ್ರೆ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಅಷ್ಟರಲ್ಲಿ ಅರ್ನೆಲನೇ ಫೋನು ಮಾಡಿದ. ಯಾರೋ ಅವನಿಗೆ ಹೇಳಿಬಿಟ್ಟಿದ್ದರು.

"ಅಕ್ಕ, ನನ್ನ ಹೆಸರು ಹಾಕಿ. ನೀವು ಕಲಿಸದಿದ್ರೆ ನಾನೆಲ್ಲಿರ್ತಿದ್ದೆ? ಏನಾಗುತ್ತೋ ಆಗ್ಲಿ."

"ಮಗೂಗೆ ಹಲ್ಲು ಬಂತಾ?"

"ಅಕ್ಕ, ನಾನೇನ್ ಹೇಳ್ತಿದೀನಿ, ನೀವೇನ್ ಕೇಳ್ತಿದೀರ?"

"ಹಲ್ಲು ಬಂತಾ ಅಂದೆ."

"ಎರಡು ಬಂದಿದೆ."

"ಹಂಗಾದ್ರೆ ಸುಮ್ನಿರು. ಎರಡು ಹಲ್ಲಿನ ಕೂಸನ್ನ ವಿಮಾನದಲ್ಲಿ ವಾಪಸ್ ಕರ್ಕೊಂಡು ಬರ್ತೀಯೇನೋ? ಮತ್ತೆ ಕೇಳು, ಅಲ್ಲಿ ಪುಟ್ಟಿ ಕಡಿಮೆ ಹಾಕು. ನನ್ನ ಮಾನ ಹೋಗುತ್ತೆ."

ಫೋನು ಇಟ್ಟು, ನಾನು ಟೈಪು ಮಾಡಿದ್ದನ್ನು ತಾನೇ ಅಳಿಸಿಹಾಕಿದಳು. ಅವಳ ಬೆರಳಿಗೆ ಕೀಬೋರ್ಡು ಒಗ್ಗದು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದವಳು ಅಳಿಸುವ ಗುಂಡಿಯನ್ನು ಮಾತ್ರ ಒಂದೇ ಸಲಕ್ಕೆ ಕಂಡುಹಿಡಿದಳು.

ಮೂರನೆಯ ಅರ್ಜಿಗೆ ನಾವು ಅವರ ಮಾತನ್ನೇ ನಂಬಿ ನಡೆದೆವು. ವಿವರಣೆ ಸಾಲದು ಅಂದಿರಲ್ಲ, ತಗೊಳ್ಳಿ ವಿವರಣೆ. ಯಾವ ಜೀಪ್ನಿ, ಎಲ್ಲಿ ಗುದ್ದಿತು, ಯಾವ ಸುತ್ತಿಗೆ, ಎಷ್ಟು ಹೊತ್ತು, ಎಲ್ಲಿ ಕಾಯಿಸಿದ್ದು, ಎಲ್ಲಿ ಬೆಸೆದದ್ದು. ಅವಳು ಹೇಳುತ್ತ ಹೋದಳು, ನಾನು ಟೈಪು ಮಾಡುತ್ತ ಹೋದೆ. ಡ್ರೈವರುಗಳು ಸಾಕ್ಷಿ ಪತ್ರ ಬರೆದುಕೊಟ್ಟರು. ಒಬ್ಬ ತನ್ನ ಪತ್ರದ ಕೊನೆಯಲ್ಲಿ "ಇವಳು ಹೋಗುವುದು ನಮಗೆ ಇಷ್ಟವಿಲ್ಲ, ಆದರೂ ಸತ್ಯ ಹೇಳುತ್ತಿದ್ದೇನೆ" ಎಂದು ಸೇರಿಸಿದ್ದ. ಕೆಲಸದ ಪಟ್ಟಿಗೆ ನಾನು ಆ ಕಚೇರಿಯವರೇ ಪ್ರಕಟಿಸಿದ್ದ ಮಾದರಿಯನ್ನು ಅನುಸರಿಸಿದೆ. ಫೋಟೊಗಳೆಲ್ಲ ಸೇರಿ ಎಪ್ಪತ್ತೆರಡು ಪುಟ.

ತೀರ್ಪು: "ಕೆಲಸದ ವಿವರಣೆಯು ನಮ್ಮ ಪ್ರಕಟಿತ ಮಾದರಿಯನ್ನು ಅತಿಯಾಗಿ ಹೋಲುವುದರಿಂದ ನಂಬಲರ್ಹವೆನಿಸುವುದಿಲ್ಲ. ಅಲ್ಲದೆ ಸಂಬಳವನ್ನು ಬ್ಯಾಂಕಿನ ಮೂಲಕ ಪಡೆದ ದಾಖಲೆ ಇಲ್ಲ. ತಿರಸ್ಕರಿಸಲಾಗಿದೆ."

ಬ್ಯಾಂಕಿನ ಮೂಲಕ! ಡೋಲೋಯ್ ಮೇಸ್ತ್ರಿ ಶನಿವಾರ ಸಂಜೆ ಶರ್ಟಿನ ಜೇಬಿನಿಂದ ಸಂಬಳ ತೆಗೆದುಕೊಡುವವರು. ಅರ್ನೆಲನಿಗೂ ಅದೇ ಜೇಬು. ಮೊದಲೆರಡು ಸಲ ಆ ಮಾತೇ ಎತ್ತಿರಲಿಲ್ಲ.

ಆ ದಿನ ಬೇಬಿಂಗ್ ನಗಲಿಲ್ಲ. ಕಾಗದವನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದಳು. ಗೋಡೆಯಾಚೆ ಏಟು ಶುರುವಾಯಿತು. ಮೊದಲ ಬಾರಿಗೆ ಆ ಏಟು ಯಾರದೆಂದು ನನಗೆ ಗುರುತು ಹತ್ತಲಿಲ್ಲ. ಆಮೇಲೆ ಮೇಸ್ತ್ರಿ ಬಂದು, "ಒಂದು ಒಳ್ಳೆ ಬಾಗಿಲನ್ನ ಚಪಾತಿ ಮಾಡಿಟ್ಟಿದಾಳೆ ಕಣಪ್ಪ. ಏನೂ ಅನ್ಬೇಡ, ನಾನೂ ಅಂದಿಲ್ಲ" ಎಂದರು.

"ಇಲ್ಲ ಅಂದ್ರೆ ಇಲ್ಲ ಅನ್ನಲಿ ಇಗ್ಮಿಯಣ್ಣ, ನನಗೇನೂ ಬೇಜಾರಿಲ್ಲ," ಎಂದು ಮಾರನೆಯ ದಿನ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದಳು. "ತಗಡಿಗೆ ಒಂದು ಗುಣ ಇದೆ. ಇಲ್ಲಿ ಹೊಡೆದ್ರೆ ಅಲ್ಲಿ ಏಳುತ್ತೆ, ನಾಳೆ ಹೊಡೆದ್ರೂ ಅಲ್ಲೇ ಏಳುತ್ತೆ. ಇವರದು ಹಂಗಲ್ಲ. ಎಲ್ಲಿ ಹೊಡೀಬೇಕು ಅಂತ್ಲೇ ಗೊತ್ತಾಗಲ್ಲ."

ಅದಾದ ಮೇಲೆ ಐದು ತಿಂಗಳು ಅರ್ಜಿಯ ಮಾತೇ ಇಲ್ಲ. ಮೇ ತಿಂಗಳಲ್ಲಿ ರೋಮುಲೊ ಎರಡು ತಿಂಗಳ ರಜೆಗೆ ಬಂದ. ರಜೆಯಲ್ಲೂ ಮನೆಯ ಅಡುಗೆ ಅವನದೇ, ಹೆಂಡತಿಗೆ ಅವನು ಒಲೆ ಮುಟ್ಟಗೊಡುವುದಿಲ್ಲ. ಒಂದು ಭಾನುವಾರ ಚರ್ಚಿನಿಂದ ಬಂದ ಮೇಲೆ ನನ್ನನ್ನೂ ಊಟಕ್ಕೆ ಕರೆದಿದ್ದರು. ಹುಳಿ ಹಾಕಿದ ಮೀನಿನ ಸಾರು, ಅನ್ನ. ಆಗ ಹದಿಮೂರು ತುಂಬಿದ್ದ ಮಿರಾಸೋಲ್ ತಟ್ಟೆ ಮುಂದೆ ಇಟ್ಟುಕೊಂಡೇ ಫೋನಿನಲ್ಲಿ ಏನೋ ನೋಡುತ್ತ ಹೇಳಿದಳು:

"ಅಮ್ಮ, ನಿಂಗೆ ನಲವತ್ತು ಆದ್ಮೇಲೆ, ಆ ದೇಶದೋರು ವಯಸ್ಸು ನೋಡಿ ಕೊಡೋ ಅಂಕ ಕಮ್ಮಿ ಮಾಡ್ತಾರಂತೆ. ಆಮೇಲೆ ನೀನು ಹಾಕಿದ್ರೂ ಸಿಗಲ್ಲ."

"ಊಟ ಮಾಡೇ."

"ನವೆಂಬರಿಗೆ ನಲವತ್ತು."

"ನನ್ನ ವಯಸ್ಸು ನನಗೆ ಗೊತ್ತು, ಊಟ ಮಾಡು."

ರೋಮುಲೊ ಸೌಟು ಕೆಳಗಿಟ್ಟ. ಅವನು ಕಡಿಮೆ ಮಾತಿನವನು. "ಹಡಗಿನಲ್ಲಿ ನಾನು ದಿನಾ ಇಪ್ಪತ್ತೆರಡು ಜನಕ್ಕೆ ಬಡಿಸ್ತೀನಿ," ಎಂದ. "ಸಾರು ಒಂದೇ ಪಾತ್ರೇದು. ಒಬ್ಬ ಉಪ್ಪು ಜಾಸ್ತಿ ಅಂತಾನೆ, ಒಬ್ಬ ಉಪ್ಪೇ ಇಲ್ಲ ಅಂತಾನೆ. ಮೊದಮೊದಲು ಇಬ್ಬರ ಮಾತೂ ಕೇಳಿ ಸಾರು ಕೆಡಿಸ್ತಿದ್ದೆ. ಈಗ ಏನೂ ಮಾಡಲ್ಲ, ಅದೇ ಸಾರನ್ನ ಮಾರನೇ ದಿನ ಬಡಿಸ್ತೀನಿ. ತಿಂತಾರೆ."

ಬೇಬಿಂಗ್ ಅವನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇಗ್ಮಿಯಣ್ಣ, ಎರಡನೇ ಸಲದ ಫೈಲು ಇದೆಯಾ?"

"ಇದೆ. ಯಾಕೆ?"

"ನಾಳೆ ಪ್ರಿಂಟ್ ತೆಗಿ. ತಾರೀಕು ಒಂದು ಬದಲಾಯಿಸು. ಬೇರೆ ಏನೂ ಮುಟ್ಟಬೇಡ."

"ಹುಚ್ಚಾ? ಅವರು ಬೇಡ ಅಂದಿರೋದು ಅದನ್ನೇ."

"ಅರ್ನೆಲನಿಗೆ ಸರಿ ಅಂದಿರೋದೂ ಅದನ್ನೇ."

ನಾನು ಎರಡು ದಿನ ವಾದ ಮಾಡಿದೆ. ಕೊನೇ ಪಕ್ಷ ಒಂದು ಪ್ಯಾರಾ ಸೇರಿಸೋಣ, ಕೊನೇ ಪಕ್ಷ ಒಂದು ಕಾಗುಣಿತ ತಪ್ಪಿದೆ, ಅದನ್ನಾದರೂ ತಿದ್ದೋಣ. "ಅದನ್ನೂ ಬಿಡು" ಎಂದಳು. ಮೇಸ್ತ್ರಿಯ ಸಹಿ ಹೊಸದಾಗಿ ಹಾಕಿಸಿದೆವು. ಈ ಸಲ ಅವರು ಪತ್ರವನ್ನು ಪೂರ್ತಿ ಓದಿದರು, ಗಟ್ಟಿಯಾಗಿ, ಅರ್ಧ ಗಂಟೆ. ಜೂನ್ ಎರಡನೆಯ ವಾರ ಕಳಿಸಿದೆವು. ಸೀಡಕ್ಕನ ಸಮಾಧಾನಕ್ಕೆ, ಆ ದೇಶದ ಗಡಿಯಾರ ನೋಡಿಕೊಂಡು, ಊಟದ ಹೊತ್ತು ಕಳೆದ ಮೇಲೆಯೇ ಗುಂಡಿ ಒತ್ತಿದೆ.

ಹದಿನೇಳು ದಿನ. ಒಪ್ಪಿಗೆ. "ಅರ್ಜಿದಾರರ ಅನುಭವವು ದುರಸ್ತಿ ಕೆಲಸಕ್ಕೆ ಸಂಬಂಧಿಸಿದ್ದೆಂದು ವಿವರಣೆಯಿಂದ ಸ್ಪಷ್ಟವಾಗುತ್ತದೆ."

ನಾನು ಕುರ್ಚಿಯಿಂದ ಎದ್ದವನೇ ಗೋಡೆಯನ್ನು ಎರಡೂ ಕೈಯಲ್ಲಿ ಬಡಿದೆ. ಬೇಬಿಂಗ್ ಬಂದಳು, ಕನ್ನಡಕ ಹಣೆಗೇರಿಸಿ ಓದಿದಳು, ಮತ್ತೊಮ್ಮೆ ಓದಿದಳು. ಅತ್ತಾಳು, ಕುಣಿದಾಳು ಎಂದುಕೊಂಡಿದ್ದೆ. ಅವಳ ಮುಖ ಕೆಂಪಾಯಿತು.

"ಸ್ಪಷ್ಟವಾಗುತ್ತದೆ ಅಂತೆ! ಹೋದ ವರ್ಷ ಯಾಕೆ ಸ್ಪಷ್ಟವಾಗಲಿಲ್ಲ?"

"ಬಿಡಮ್ಮ, ಬಂತಲ್ಲ."

"ಬಂತು. ಆದ್ರೆ ಎರಡು ವರ್ಷ ನಾನು ಸುಳ್ಳಿ ಆಗಿದ್ನಲ್ಲ. ಅದಕ್ಕೇನ್ ಹೇಳ್ತಾರೆ? ಬರಿ, ಒಂದು ಕಾಗದ ಬರಿ."

"ಮಲಗಿರೋ ನಾಯೀನ ಯಾಕೆ ಎಬ್ಬಿಸ್ತೀಯ? ಇದನ್ನೂ ವಾಪಸ್ ತಗೊಂಡ್ರೆ?"

"ನಮ್ಮ ಮನೆ ಮೂರು ಜನ ಅಲ್ಲಿಗೆ ಕಾಲಿಟ್ಟ ಮೇಲೆ ಕಳಿಸೋಣ. ಈಗ ಬರೆದಿಡು."

ಬರೆದಿಟ್ಟೆ. ಸೆಪ್ಟೆಂಬರಿನಲ್ಲಿ ಅಂಕಗಳು ಸರಿಬಂದು, ವೀಸಾಗೆ ಅರ್ಜಿ ಹಾಕಿ ಎಂಬ ಕರೆ ಬಂತು. ಕರೆ ಬಂದ ದಿನದ ವಯಸ್ಸನ್ನೇ ಲೆಕ್ಕಕ್ಕೆ ಹಿಡಿಯುವುದರಿಂದ ನವೆಂಬರಿನ ಹೆದರಿಕೆ ಹೋಯಿತು. ಉಳಿದದ್ದಕ್ಕೆ ಮತ್ತೂ ಎಂಟು ತಿಂಗಳು ಹಿಡಿಯಿತು, ಆದರೆ ಅದು ಬರೀ ಕಾಯುವ ಕೆಲಸ. ಹೊರಡುವ ಹಿಂದಿನ ವಾರದವರೆಗೂ ಅವಳು ಶೆಡ್ಡಿಗೆ ಬಂದಳು. ಡ್ರೈವರುಗಳು ಇದ್ದಬದ್ದ ತಗ್ಗುಗಳನ್ನೆಲ್ಲ ಹುಡುಕಿ ತಂದು ಸಾಲು ನಿಂತರು. ಒಬ್ಬನ ಬಾನೆಟ್ಟಿನ ತಗ್ಗು ತೀರ ಹೊಸದಾಗಿತ್ತು.

"ಇದನ್ನ ಬೆಳಿಗ್ಗೆ ನೀನೇ ಹೊಡ್ಕೊಂಡು ತಂದಿದೀಯಲ್ವಾ?"

"ಇಲ್ಲ ಬೇಬಿಂಗ್, ಗೋಡೆಗೆ ತಾಕ್ತು."

"ಗೋಡೆ ಕೈಯಲ್ಲಿ ಸ್ಪ್ಯಾನರ್ ಇತ್ತಾ?"

ಅವನು ತಲೆ ತಗ್ಗಿಸಿ ನಕ್ಕ. ಅವಳು ಅದನ್ನೂ ಸರಿಮಾಡಿದಳು.

ಅವರು ಮೂವರೂ ಅಲ್ಲಿ ಇಳಿದ ಮೂರನೆಯ ದಿನವೇ ನಾನು ಆ ಕಾಗದ ಕಳಿಸಿದೆ. ಅರ್ನೆಲನ ಹೆಸರೆತ್ತದೆ ಒಂದೇ ಪ್ರಶ್ನೆ: ಒಂದೇ ಫೈಲಿಗೆ ಎರಡು ತೀರ್ಪು ಕೊಟ್ಟಿದ್ದೀರಿ, ಎರಡರಲ್ಲಿ ತಪ್ಪು ಯಾವುದು? ಉತ್ತರ ಬಂತು, ಒಂದೂವರೆ ಸಾಲು. "ಪ್ರತಿಯೊಂದು ಅರ್ಜಿಯನ್ನೂ ಅದರದೇ ಅರ್ಹತೆಯ ಮೇಲೆ ಪರಿಶೀಲಿಸಲಾಗುತ್ತದೆ. ತಮ್ಮ ಆಸಕ್ತಿಗೆ ಧನ್ಯವಾದಗಳು." ಫೋನಿನಲ್ಲಿ ಓದಿ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಕೇಳಿದ್ವಲ್ಲ, ಅಷ್ಟು ಸಾಕು" ಎಂದಳು. "ಸುಮ್ನೆ ಬಂದ್ಬಿಟ್ಟಿದ್ರೆ ಗಂಟಲಲ್ಲೇ ಇರ್ತಿತ್ತು."

ಕೆಲಸ ಸಿಕ್ಕ ಕಥೆಯನ್ನು ಅವಳು ಅದೇ ಫೋನಿನಲ್ಲಿ ಹೇಳಿದ್ದು. ಗ್ಯಾರೇಜಿನ ಮಾಲೀಕನ ಮುಂದೆ ಇವಳು ಮೂರು ವರ್ಷದ ಕಾಗದಗಳ ಕಟ್ಟನ್ನೇ ಇಟ್ಟಳಂತೆ. ಅವನು ಅದನ್ನು ಬಿಚ್ಚಲೂ ಇಲ್ಲ. ಮೂಲೆಯಲ್ಲಿ ಬಿದ್ದಿದ್ದ ಒಂದು ಜಜ್ಜಿದ ಕಾರಿನ ಬಾಗಿಲನ್ನು ತಂದು ಮುಂದಿಟ್ಟು, ಸುತ್ತಿಗೆಗಳ ಪೆಟ್ಟಿಗೆ ತೋರಿಸಿದನಂತೆ. ಐವತ್ತು ನಿಮಿಷ. ಪುಟ್ಟಿ ಇಲ್ಲ. ಮಾಲೀಕ ಅಂಗೈಯಲ್ಲಿ ಸವರಿ ನೋಡಿದ, ದೀಪ ಹಿಡಿದು ನೋಡಿದ, ಅಲ್ಲೇ ಕೆಲಸ ಮಾಡುತ್ತಿದ್ದ ಅರ್ನೆಲನನ್ನು ಕೂಗಿ ಕರೆದು ತೋರಿಸಿದ.

"ಆಮೇಲೆ ನನ್ನನ್ನ ಕೇಳ್ದ ಇಗ್ಮಿಯಣ್ಣ, ಇಷ್ಟು ವರ್ಷ ಎಲ್ಲಿದ್ರಿ ಅಂತ."

"ಏನಂದೆ?"

"ನಿಮ್ಮ ದೇಶಕ್ಕೆ ಅರ್ಜಿ ಹಾಕ್ತಿದ್ದೆ ಅಂದೆ."

ನಗುತ್ತಿದ್ದಳು. ಹಿಂದುಗಡೆ ರೋಮುಲೊ ಏನೋ ಒಗ್ಗರಿಸುವ ಸದ್ದು, ಮಗಳು ಬಾಗಿಲು ಬಡಿದುಕೊಂಡು ಎಲ್ಲಿಗೋ ಓಡುವ ಸದ್ದು. "ಚಳಿ ಮಾತ್ರ ವಿಪರೀತ ಕಣಣ್ಣ, ಬೆಳಿಗ್ಗೆ ಸುತ್ತಿಗೆ ಹಿಡಿ ಐಸ್ ಆಗಿರುತ್ತೆ. ಮೇಸ್ತ್ರಿಗೆ ಹೇಳು, ನನ್ನ ಮರದ ಕೊಡತಿ ಅಲ್ಲೇ ಬಿಟ್ಬಂದೆ, ಯಾರಾದ್ರೂ ಈ ಕಡೆ ಬರೋರ ಕೈಲಿ ಕಳಿಸಲಿ." ಗೋಡೆಯಾಚೆಗೆ ಕೂಗಿ ಹೇಳಿದೆ. ಮೇಸ್ತ್ರಿ, "ಅದನ್ನ ಕೊಡಲ್ಲ ಅಂತ ಹೇಳು, ಈಗ ನಾನೇ ಬಳಸ್ತಿದೀನಿ" ಎಂದು ಕೂಗಿದರು.